ತೋಟಕ್ಕೆ ಬಂದು ಸೇರಿದ ನಾಯಿ: ಬೇರೆ ಮನೆ ಸಿಗುವವರೆಗೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಬಳಿ ಒಂದು ಸಣ್ಣ ಕಾಫಿ ತೋಟ. ಜೂನ್ ಕೊನೆಯ ಮಳೆಯಲ್ಲಿ ಒಂದು ಹೆಣ್ಣು ನಾಯಿ ಬಂದು ನಮ್ಮ ಸೌದೆ ಕೊಟ್ಟಿಗೆಯಲ್ಲಿ ಮಲಗಿತು. ಒಂದು ವರ್ಷದ್ದಿರಬಹುದು. ಬಡಕಲಾಗಿದೆ, ಮೈತುಂಬ ಉಣ್ಣಿ, ಒಂದು ಹಿಂಗಾಲು ಕುಂಟುತ್ತದೆ, ಆದರೆ ಸ್ವಭಾವ ಸಾಧು. ಮನೆಯಲ್ಲಿ ಒಂಬತ್ತು ವರ್ಷದ ಲ್ಯಾಬ್ರಡಾರ್ ಇದೆ. ಆರು ವರ್ಷದ ಮಗಳಿದ್ದಾಳೆ. ಮುಂದಿನ ವರ್ಷ ಮಗಳ ಶಾಲೆಗಾಗಿ ನಾವು ಮೈಸೂರಿಗೆ ಹೋಗುವುದರಿಂದ ಇದನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಪೊನ್ನಂಪೇಟೆ ಕಡೆಯ ಒಬ್ಬ ತೋಟದ ಮಾಲೀಕರು ಕಾವಲಿಗೆಂದು ಕೇಳಿದ್ದಾರೆ, ಹೋಂಸ್ಟೇ ನಡೆಸುವವರೊಬ್ಬರು ಕೇಳಿದ್ದಾರೆ, ಬೆಂಗಳೂರಿನ ಫ್ಲಾಟಿನಲ್ಲಿರುವ ನನ್ನ ನಾದಿನಿಯೂ ಕೇಳಿದ್ದಾಳೆ. "ಕೂಳು ಹಾಕಿದರೆ ಹೋಗುವುದಿಲ್ಲ, ಬೇಗ ಯಾರಿಗಾದರೂ ಕೊಟ್ಟುಬಿಡಿ" ಎನ್ನುತ್ತಾರೆ ಅತ್ತೆಯವರು. ಯಾರಿಗೆ ಕೊಡಬೇಕು, ಅಲ್ಲಿಯವರೆಗೆ ಹೇಗೆ ನೋಡಿಕೊಳ್ಳಬೇಕು? ಮಗಳು ಅದಕ್ಕೆ ಆಗಲೇ ತುಂಬ ಹಚ್ಚಿಕೊಂಡಿದ್ದಾಳೆ.

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಮೊದಲ ಅರ್ಧ ನಿಜ. ಎರಡನೆಯ ಅರ್ಧವನ್ನು ಪಶುವೈದ್ಯನಾಗಿ ನಾನು ಒಪ್ಪಲಾರೆ. ಬೇಗ ಕೊಟ್ಟ ನಾಯಿ ಬೇಗ ವಾಪಸು ಬರುತ್ತದೆ, ಅಥವಾ ವಾಪಸೂ ಬಾರದೆ ಮತ್ತೊಂದು ತೋಟದ ಸೌದೆ ಕೊಟ್ಟಿಗೆಯನ್ನು ಸೇರುತ್ತದೆ. ಈಗ ಆ ನಾಯಿಯ ವಿಷಯದಲ್ಲಿ ನಿಮಗೆ ತಿಳಿದಿರುವುದು ಅದು ಹಸಿದಿತ್ತು ಎಂಬುದಷ್ಟೇ. ಹಸಿದು ದಣಿದ ನಾಯಿ ಸಾಧುವಾಗಿಯೇ ಕಾಣುತ್ತದೆ. ಹೊಟ್ಟೆ ತುಂಬಿ, ನಿದ್ದೆಯಾಗಿ, ಈ ಜಾಗ ನನ್ನದು ಎಂಬ ಭಾವನೆ ಬಂದ ಮೇಲೆ ಅದರ ನಿಜವಾದ ಸ್ವಭಾವ ಹೊರಗೆ ಬರುತ್ತದೆ, ಮತ್ತು ಅದಕ್ಕೆ ಸಾಮಾನ್ಯವಾಗಿ ಮೂರು ವಾರವಾದರೂ ಬೇಕಾಗುತ್ತದೆ. ನೀವು ಮುಂದಿನ ಎರಡು ತಿಂಗಳಲ್ಲಿ ಮಾಡಬೇಕಾದ ಮುಖ್ಯ ಕೆಲಸವೆಂದರೆ, ಇದು ಎಂಥ ನಾಯಿ ಎಂಬುದನ್ನು ತಿಳಿದುಕೊಂಡು, ತಿಳಿದದ್ದನ್ನು ಮುಂದಿನ ಮನೆಯವರಿಗೆ ಮುಚ್ಚುಮರೆಯಿಲ್ಲದೆ ಹೇಳುವುದು. ಯಾರಿಗೆ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಆಮೇಲೆ.

ಅದಕ್ಕೂ ಮೊದಲು, ಅದು ನಿಜವಾಗಿ ಯಾರೂ ಇಲ್ಲದ ನಾಯಿಯೇ ಎಂದು ನೋಡಬೇಕು. ಕಿವಿಯ ತುದಿಯಲ್ಲಿ ಕತ್ತರಿಸಿ ಮಾಡಿದ ಗುರುತು ಇದೆಯೇ ಗಮನಿಸಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದ ಬೀದಿನಾಯಿಗಳಿಗೆ ಹಾಗೆ ಗುರುತು ಮಾಡಿ, ಹಿಡಿದ ಜಾಗದಲ್ಲಿಯೇ ಮರಳಿ ಬಿಡುವುದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪದ್ಧತಿ. ಅಂಥ ನಾಯಿಗೆ ತನ್ನದೇ ಒಂದು ಬೀದಿ, ಕೂಳು ಹಾಕುವ ನಾಲ್ಕು ಜನ ಇರುತ್ತಾರೆ, ಅದು ಮಳೆಗೆ ಹೆದರಿ ದಾರಿ ತಪ್ಪಿ ಬಂದಿರಬಹುದು. ಕುತ್ತಿಗೆಯ ಸುತ್ತ ಕೂದಲು ಸವೆದ ಉಂಗುರವಿದ್ದರೆ ಬೆಲ್ಟು ಕಟ್ಟಿದ್ದ ನಾಯಿ ಎಂದರ್ಥ. ಸಿದ್ದಾಪುರದ ಸುತ್ತಮುತ್ತ ತೋಟ ಬದಲಾಯಿಸುವ ಕಾರ್ಮಿಕ ಕುಟುಂಬಗಳು ಲೈನ್ ಮನೆ ಖಾಲಿ ಮಾಡುವಾಗ ನಾಯಿಯನ್ನು ಬಿಟ್ಟು ಹೋಗುವುದೂ, ಅದು ಹುಡುಕಿಕೊಂಡು ಹೊರಡುವುದೂ ಅಪರೂಪವಲ್ಲ. ಪ್ರವಾಸಕ್ಕೆ ಬಂದವರ ಕಾರಿನಿಂದ ಹಾರಿ ತಪ್ಪಿಸಿಕೊಂಡ ನಾಯಿಗಳನ್ನೂ ಇಲ್ಲಿ ಕಂಡಿದ್ದೇವೆ. ಆದ್ದರಿಂದ ಒಂದು ಫೋಟೋವನ್ನು ಹತ್ತಿರದ ಪಶು ಆಸ್ಪತ್ರೆ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಊರಿನ ವಾಟ್ಸ್‌ಆ್ಯಪ್ ಗುಂಪು ಇಷ್ಟಕ್ಕೆ ತಲುಪಿಸಿ. ಫೋಟೋದಲ್ಲಿ ಕಾಣದ ಒಂದು ಗುರುತನ್ನು, ಹೊಟ್ಟೆಯ ಕೆಳಗಿನ ಬಿಳಿ ಮಚ್ಚೆಯನ್ನೋ ಹಳೆಯ ಗಾಯದ ಕಲೆಯನ್ನೋ, ಹೇಳದೆ ಉಳಿಸಿಕೊಳ್ಳಿ. ನಮ್ಮದು ಎಂದು ಬಂದವರು ಅದನ್ನು ಹೇಳಲಿ.

ಇನ್ನೊಂದು ಪರೀಕ್ಷೆಯನ್ನು ಈ ಪತ್ರ ಓದಿದ ದಿನವೇ ಮಾಡಿ. ಮೊಲೆಗಳು ಜೋತು, ಹಾಲು ತುಂಬಿದಂತಿವೆಯೇ? ಇದ್ದರೆ ಹತ್ತಿರದಲ್ಲೆಲ್ಲೋ, ಕಾಫಿ ಗಿಡದ ಬುಡದ ಪೊಟರೆಯಲ್ಲೋ ಹಳೆಯ ಪಂಪ್‌ಹೌಸಿನಲ್ಲೋ, ಮರಿಗಳಿವೆ. ತಾಯಿಯನ್ನು ಕೂಡಿಹಾಕಿದರೆ ಈ ಮಳೆಯಲ್ಲಿ ಅವು ಒಂದೆರಡು ದಿನವೂ ಉಳಿಯುವುದಿಲ್ಲ. ಕೂಳು ಹಾಕಿ, ಅದು ಹೋಗುವ ದಿಕ್ಕನ್ನು ದೂರದಿಂದ ಹಿಂಬಾಲಿಸಿ ನೋಡಿ.

ಇನ್ನು ಆರೋಗ್ಯ. ಮೊದಲ ಎರಡು ವಾರ ಅದನ್ನು ನಿಮ್ಮ ಲ್ಯಾಬ್ರಡಾರ್‌ನಿಂದ ಪೂರ್ತಿ ಬೇರೆಯಾಗಿಡಿ. ಸೌದೆ ಕೊಟ್ಟಿಗೆಗೆ ಬಾಗಿಲಿದ್ದರೆ ಅದೇ ಸಾಕು, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಹಲಗೆ ಹಾಕಿ ಒಣಗಿದ ಗೋಣಿಚೀಲ ಹಾಸಿ, ಚೀಲ ತೇವವಾದ ಕೂಡಲೇ ಬದಲಾಯಿಸಿ. ಇಲಿ ಪಾಷಾಣ, ಕಳೆನಾಶಕ, ಗೊಬ್ಬರದ ಚೀಲ ಇವನ್ನು ಅಲ್ಲಿಂದ ತೆಗೆಯಿರಿ. ಹೊಸ ನಾಯಿಯ ತಟ್ಟೆ, ನೀರಿನ ಪಾತ್ರೆ ಬೇರೆ ಇರಲಿ. ಅದನ್ನು ಮುಟ್ಟಿ ಬಂದವರು ಕೈಕಾಲು ತೊಳೆದು, ಚಪ್ಪಲಿ ಬದಲಾಯಿಸಿ ಹಳೆಯ ನಾಯಿಯ ಬಳಿ ಹೋಗಲಿ. ಈ ಅಂತರ ಮುಖ್ಯವಾಗಿ ಡಿಸ್ಟೆಂಪರ್ ಮತ್ತು ಪಾರ್ವೊ ಎಂಬ ಎರಡು ವೈರಸ್ ರೋಗಗಳಿಗಾಗಿ. ಡಿಸ್ಟೆಂಪರ್ ವೈರಸ್ ಮೈಯಿಂದ ಹೊರಬಿದ್ದ ಮೇಲೆ ಬೇಗ ಸಾಯುತ್ತದೆ, ಆದರೆ ಪಾರ್ವೊ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ ಮತ್ತು ಫಿನಾಯಿಲಿಗೆ ಜಗ್ಗುವುದಿಲ್ಲ. ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ತೊಳೆದರೆ ಸಾಯುತ್ತದೆ. ಕಣ್ಣುಮೂಗಿನಿಂದ ಗಟ್ಟಿ ಸಿಂಬಳ, ಕೆಮ್ಮು, ದವಡೆಯೋ ಕಾಲೋ ಅದರಿದಂತಾಗುವುದು, ರಕ್ತ ಬೆರೆತ ದುರ್ವಾಸನೆಯ ಭೇದಿ ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ವೈದ್ಯರ ಬಳಿಗೆ ಒಯ್ಯಬೇಕು. ನಿಮ್ಮ ಲ್ಯಾಬ್ರಡಾರ್‌ಗೆ ವರ್ಷದ ಲಸಿಕೆಗಳು ಬಾಕಿಯಿದ್ದರೆ ಹೊಸ ನಾಯಿಗಿಂತ ಮೊದಲು ಅದಕ್ಕೆ ಹಾಕಿಸಿ.

ಮೈತುಂಬ ಉಣ್ಣಿ ಎಂದು ಬರೆದಿದ್ದೀರಿ. ನಮ್ಮ ಜಿಲ್ಲೆಯಲ್ಲಿ ನಾಯಿಗಳನ್ನು ಹಣ್ಣುಮಾಡುವ ದೊಡ್ಡ ಕಾಯಿಲೆ ಉಣ್ಣಿ ಜ್ವರವೇ ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಉಣ್ಣಿಗಳ ಮೂಲಕ ಎರ್ಲಿಕಿಯಾ, ಬೆಬೀಸಿಯಾ ಎಂಬ ಸೂಕ್ಷ್ಮಜೀವಿಗಳು ರಕ್ತ ಸೇರುತ್ತವೆ. ಎರ್ಲಿಕಿಯಾ ಸೋಂಕಿದ ನಾಯಿ ತಿಂಗಳುಗಟ್ಟಲೆ ಹೊರಗೆ ಆರೋಗ್ಯವಾಗಿಯೇ ಕಾಣಬಹುದು. ಒಳಗೆ ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕುಸಿಯುತ್ತಿರುತ್ತವೆ. ಬೆಬೀಸಿಯಾ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಒಸಡು ಬಿಳುಚಿಕೊಳ್ಳುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಬಹುದು. ಈ ಕಾರಣಕ್ಕೆ, ಮರಿ ಹಾಕುವುದಕ್ಕೆ ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಿಬಿಡೋಣ ಎಂಬ ಅವಸರದಲ್ಲಿ ಮೊದಲ ವಾರವೇ ನಾಯಿಯನ್ನು ಮೇಜಿನ ಮೇಲೆ ಮಲಗಿಸುವುದು ಅಪಾಯ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ರಕ್ತ ನಿಲ್ಲುವುದಿಲ್ಲ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಎರ್ಲಿಕಿಯಾ ಕಂಡರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡಬೇಕಾಗುತ್ತದೆ; ಐದಾರು ದಿನಕ್ಕೆ ನಾಯಿ ಚುರುಕಾಯಿತೆಂದು ಮಾತ್ರೆ ನಿಲ್ಲಿಸುವುದರಿಂದ ಕಾಯಿಲೆ ಮರುಕಳಿಸುತ್ತದೆ. ಬೆಬೀಸಿಯಾಕ್ಕೆ ಔಷಧಿಯೇ ಬೇರೆ.

ಉಣ್ಣಿ ತೆಗೆಯುವಾಗ ಸೀಮೆಎಣ್ಣೆ, ಬೆಂಕಿಕಡ್ಡಿ, ಬರಿಗೈ ಬೇಡ. ಕೈಗವಸು ಹಾಕಿ, ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆದು, ಸೋಪಿನ ನೀರಿಗೋ ಸ್ಪಿರಿಟ್ಟಿಗೋ ಹಾಕಿ. ಹಸುವಿಗೆಂದು ತಂದಿಟ್ಟ ಉಣ್ಣಿ ಔಷಧಿಯನ್ನು ಅಂದಾಜಿನಲ್ಲಿ ಕಲಸಿ ನಾಯಿಗೆ ಬಳಿಯುವುದು ನಮ್ಮ ತೋಟಗಳಲ್ಲಿ ಹಳೆಯ ರೂಢಿ. ಪ್ರಮಾಣ ಹೆಚ್ಚಾದರೆ ನಡುಕ, ಜೊಲ್ಲು, ಕೊನೆಗೆ ಸಾವು ಕೂಡ ಆಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೂ ಗಂಡಾಂತರ. ತೂಕ ನೋಡಿ ಕೊಡುವ, ಒಂದು ತಿಂಗಳೋ ಮೂರು ತಿಂಗಳೋ ಕೆಲಸ ಮಾಡುವ ಗುಳಿಗೆಗಳು ಈಗ ಸಿಗುತ್ತವೆ. ಬೆಲೆ ಹೆಚ್ಚು, ಆದರೆ ಒಂದು ಉಣ್ಣಿ ಜ್ವರದ ಚಿಕಿತ್ಸೆಗಿಂತ ಕಡಿಮೆಯೇ. ಹಿಂದೆ ಸೆಳವು ಬಂದ ನಾಯಿಯಾದರೆ ಮಾತ್ರ ಇವನ್ನು ಕೊಡುವ ಮೊದಲು ವೈದ್ಯರಿಗೆ ತಿಳಿಸಬೇಕು. ಎಷ್ಟೇ ಔಷಧಿ ಕೊಟ್ಟರೂ ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಉಣ್ಣಿಯ ಮೊಟ್ಟೆ ಉಳಿದಿರುತ್ತದೆ, ಆದ್ದರಿಂದ ಬಿರುಕು ಮುಚ್ಚಿ ಸುಣ್ಣ ಬಳಿಸುವುದು ಲೇಸು.

ಮೂಗಿನಿಂದ ರಕ್ತ ಸೋರಿದರೆ ಗಾಬರಿಯಾಗುವ ಮೊದಲು ಒಂದೇ ಹೊಳ್ಳೆಯಿಂದಲೋ ಎರಡರಿಂದಲೋ ನೋಡಿ. ತೋಡಿನ ನೀರು ಕುಡಿಯುವ ನಾಯಿಗಳ ಮೂಗಿನೊಳಗೆ ಜಿಗಣೆ ಸೇರಿಕೊಳ್ಳುವುದುಂಟು. ಆಗ ಸಾಮಾನ್ಯವಾಗಿ ಒಂದೇ ಹೊಳ್ಳೆಯಲ್ಲಿ ರಕ್ತ, ಬಿಡದ ಸೀನು, ಪಂಜದಿಂದ ಮೂಗನ್ನು ಉಜ್ಜುವುದು ಕಾಣುತ್ತದೆ. ಜಿಗಣೆಯನ್ನು ವೈದ್ಯರು ಹಿಡಿದು ತೆಗೆಯಬಲ್ಲರು. ಉಣ್ಣಿ ಜ್ವರದಿಂದಲೂ ಮೂಗಿನಲ್ಲಿ ರಕ್ತ ಬರುವುದರಿಂದ ಜಿಗಣೆಯೇ ಇರಬೇಕೆಂದು ನೀವಾಗಿಯೇ ತೀರ್ಮಾನಿಸಿ ಸುಮ್ಮನಿರಬೇಡಿ.

ಕುಂಟುವ ಕಾಲಿನ ವಿಷಯದಲ್ಲಿ ನನಗೆ ಒಂದು ಅನುಮಾನವಿದೆ. ಕಾಲಿನ ಸುತ್ತ, ಪಾದದ ಗಂಟಿನ ಮೇಲೆ, ಕೂದಲಿನ ಅಡಿಯಲ್ಲಿ ಉಂಗುರದಂತಹ ಗಾಯವಿದೆಯೇ ಬೆರಳಾಡಿಸಿ ನೋಡಿ. ಕಾಡುಹಂದಿಗೆಂದು ಬೇಲಿಯ ಕಂಡಿಗಳಲ್ಲಿ ಕಟ್ಟುವ ತಂತಿಯ ಉರುಳಿಗೆ ಬೀಳುವ ನಾಯಿಗಳು ಕಡಿಮೆಯಿಲ್ಲ; ಎಳೆದು ತಪ್ಪಿಸಿಕೊಂಡ ನಾಯಿಯ ಕಾಲಿನಲ್ಲಿ ತಂತಿಯ ತುಂಡೇ ಉಳಿದು, ಮೇಲಿನ ಚರ್ಮ ಕೂಡಿಕೊಂಡಿರಬಹುದು. ಸೊಂಟದ ಸುತ್ತಲೂ ನೋಡಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ನಾಯಿಯ ಯಕೃತ್ತು, ಹೊಟ್ಟೆ, ಮೂತ್ರಪಿಂಡಗಳಿಗೆ ಅವು ಹಾನಿಕರ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ತೀರ ಬಡಕಲಾದ ನಾಯಿಗೆ ಮೊದಲ ವಾರ ಒಂದೇ ಸಲ ಹೊಟ್ಟೆಬಿರಿಯೆ ಹಾಕುವುದು ಕೆಡುಕು. ಅನ್ನಕ್ಕೆ ಬೇಯಿಸಿದ ಮೊಟ್ಟೆಯೋ ಕೋಳಿಯ ಮಾಂಸವೋ ಬೆರೆಸಿ ದಿನಕ್ಕೆ ನಾಲ್ಕು ಸಲ ಸ್ವಲ್ಪಸ್ವಲ್ಪ ಕೊಡಿ. ಪಂದಿ ಕರಿಯ, ಅಂದರೆ ಹಂದಿಮಾಂಸದ ಸಾರಿನ, ಉಳಿಕೆ ನಮ್ಮ ಮನೆಗಳ ನಾಯಿಗಳಿಗೆ ಸಲ್ಲುವ ಹಬ್ಬದೂಟ ನಿಜ, ಆದರೆ ಆ ಕೊಬ್ಬು ಮೇದೋಜೀರಕ ಗ್ರಂಥಿಯನ್ನು ಕೆರಳಿಸುತ್ತದೆ, ಈರುಳ್ಳಿ ರಕ್ತಕಣಗಳನ್ನು ಕೆಡಿಸುತ್ತದೆ, ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ.

ಈಗ ರೇಬೀಸ್. ಲಸಿಕೆಯ ಇತಿಹಾಸ ತಿಳಿಯದ ನಾಯಿ ಮನೆಯಲ್ಲಿ, ಅದೂ ಮಗುವಿರುವ ಮನೆಯಲ್ಲಿ ಇದ್ದಾಗ, ಇದನ್ನು ಹಗುರವಾಗಿ ನೋಡುವಂತಿಲ್ಲ. ರೇಬೀಸ್ ಲಸಿಕೆಯನ್ನು ಕೂಡಲೇ ಹಾಕಿಸಿ, ಆದರೆ ಅದು ಕೆಲಸಮಾಡಲು ಮೂರು-ನಾಲ್ಕು ವಾರ ಬೇಕು, ಮತ್ತು ಮೊದಲೇ ಸೋಂಕು ತಗುಲಿದ್ದರೆ ಲಸಿಕೆಯಿಂದ ಪ್ರಯೋಜನವಾಗದಿರಬಹುದು. ಸೋಂಕು ತಗುಲಿ ಲಕ್ಷಣ ಕಾಣಿಸಿಕೊಳ್ಳಲು ಕೆಲವು ವಾರಗಳಿಂದ ಕೆಲವು ತಿಂಗಳುಗಳು ಹಿಡಿಯುವುದರಿಂದ, ಎರಡು ವಾರ ಬೇರೆಯಿಟ್ಟ ಮಾತ್ರಕ್ಕೆ ಈ ಅನುಮಾನ ಪೂರ್ತಿ ಹೋಗುವುದಿಲ್ಲ. ಹುಚ್ಚುನಾಯಿ ಎಂದರೆ ಎದುರಿಗೆ ಸಿಕ್ಕವರನ್ನೆಲ್ಲ ಕಚ್ಚುತ್ತ ಓಡುವ ನಾಯಿ ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಇನ್ನೊಂದು ರೂಪದಲ್ಲಿ ನಾಯಿ ಮಂಕಾಗಿ ಮೂಲೆ ಸೇರುತ್ತದೆ, ಬೊಗಳುವ ದನಿ ಒಡೆಯುತ್ತದೆ, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತದೆ, ನುಂಗಲಾಗುವುದಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ಮನೆಯವರು ಬಾಯಿಗೆ ಕೈ ಹಾಕುವುದು ಇಂಥ ಹೊತ್ತಿನಲ್ಲಿಯೇ. ಹಾಕಬೇಡಿ; ಬಾಗಿಲು ಹಾಕಿಕೊಂಡು ಪಶುವೈದ್ಯರಿಗೆ ಫೋನ್ ಮಾಡಿ.

ಆಟದಲ್ಲಿಯೇ ಆಗಲಿ, ಹಲ್ಲು ತಾಗಿ ಚರ್ಮ ತರಚಿದರೆ ಅಥವಾ ಗಾಯದ ಮೇಲೆ ಜೊಲ್ಲು ಬಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ, ಕಾಫಿ ಪುಡಿ ಏನನ್ನೂ ಹಚ್ಚಬೇಡಿ. ಚರ್ಮ ಸೀಳಿ ರಕ್ತ ಬಂದಿದ್ದರೆ ಅಥವಾ ತೆರೆದ ಗಾಯಕ್ಕೆ ಜೊಲ್ಲು ತಾಗಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಕೊಡಬೇಕಾಗುತ್ತದೆ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸುವ ಪದ್ಧತಿಯಿದೆ ಎಂದು ಚುಚ್ಚುಮದ್ದನ್ನು ಹತ್ತು ದಿನ ಮುಂದೂಡುವವರಿದ್ದಾರೆ. ಹಾಗೆ ಕಾಯುವಂತಿಲ್ಲ, ಚುಚ್ಚುಮದ್ದು ಶುರುವಾಗಿಯೇ ಗಮನಿಸಬೇಕು. ಮಗಳಿಗೆ ಇದನ್ನು ಹೆದರಿಸದೆ ಹೇಳಿಕೊಡಿ: ನಾಯಿ ಪರಚಿದರೂ ಅಮ್ಮನಿಗೆ ಹೇಳಬೇಕು, ಹೇಳಿದರೆ ಯಾರೂ ಬೈಯುವುದಿಲ್ಲ, ನಾಯಿಯನ್ನೂ ಹೊಡೆಯುವುದಿಲ್ಲ. ಬೈಗುಳಕ್ಕೆ ಹೆದರಿ ಮಕ್ಕಳು ಮುಚ್ಚಿಡುವ ಸಣ್ಣ ತರಚಿನ ಭಯ ನನಗೆ ದೊಡ್ಡ ಕಡಿತಕ್ಕಿಂತ ಹೆಚ್ಚು. ದೊಡ್ಡವರಿಲ್ಲದಾಗ ಮಗು ಮತ್ತು ನಾಯಿ ಒಟ್ಟಿಗಿರುವುದು ಬೇಡ. ಉಣ್ಣುವಾಗ, ಮಲಗಿರುವಾಗ ಮುಟ್ಟುವುದೂ ಬೇಡ. ಮಳೆಗಾಲದಲ್ಲಿ ಅಂಗಳದಲ್ಲಿ ಬರಿಗಾಲಿನಲ್ಲಿ ಓಡಾಡಲು ಬಿಡಬೇಡಿ, ಕೊಕ್ಕೆಹುಳುವಿನ ಮರಿಗಳು ಹಸಿ ಮಣ್ಣಿನಿಂದ ಪಾದದ ಚರ್ಮ ಹೊಕ್ಕುತ್ತವೆ. ನಾಯಿಗೆ ಜಂತುಹುಳದ ಔಷಧಿ ಮೊದಲ ವಾರವೇ ಕೊಟ್ಟು, ವೈದ್ಯರು ಹೇಳಿದ ಅಂತರಕ್ಕೆ ಮತ್ತೊಮ್ಮೆ ಕೊಡಿ. ಇಲಿ ಜ್ವರವೂ ಈ ಕಾಲದ್ದೇ. ನಾಯಿಯ ಮೂತ್ರವನ್ನು ತೊಳೆಯುವಾಗ ಕೈಗವಸು, ಬೂಟು ಇರಲಿ, ನಾಯಿಗೆ ಹಾಕಿಸುವ ಸಂಯುಕ್ತ ಲಸಿಕೆಯಲ್ಲಿ ಇಲಿ ಜ್ವರದ ಭಾಗವೂ ಇರುವಂಥದ್ದನ್ನೇ ಕೇಳಿ ಹಾಕಿಸಿ.

ನಾಯಿಯನ್ನು ಬೇರೆಯವರಿಗೆ ಕೊಡುವುದಕ್ಕೆ ಮೊದಲೇ, ಅದು ನಿಮ್ಮ ಮನೆಯಲ್ಲಿರುವಾಗಲೇ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಆಮೇಲೆ ಮಾಡಿಸುತ್ತೇವೆ ಎಂದು ಒಪ್ಪಿಕೊಂಡವರಲ್ಲಿ ಹೆಚ್ಚಿನವರು ಮಾಡಿಸುವುದಿಲ್ಲ. ಕೆಟ್ಟ ಮನಸ್ಸಿನಿಂದ ಅಲ್ಲ, ಕೊಯ್ಲು ಬರುತ್ತದೆ, ಮದುವೆ ಬರುತ್ತದೆ, ಅಷ್ಟರಲ್ಲಿ ನಾಯಿ ಬೆದೆಗೆ ಬರುತ್ತದೆ, ಎರಡು ತಿಂಗಳಿಗೆ ಆರು ಮರಿ. ಹೆಣ್ಣು ನಾಯಿ ಬೇಡ ಎನ್ನುವವರ ಆಕ್ಷೇಪವೂ ಅರ್ಧಕ್ಕಿಂತ ಹೆಚ್ಚು ಇಲ್ಲಿಗೇ ಮುಗಿಯುತ್ತದೆ. ರಕ್ತ ಪರೀಕ್ಷೆ ಸರಿಯಾಗಿದ್ದು, ಸ್ವಲ್ಪ ಮೈ ತುಂಬಿದ ಮೇಲೆ, ಬೆದೆಯಲ್ಲಿ ಇಲ್ಲದಾಗ ಮಾಡಿಸಿ. ಹಿಂಭಾಗದಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ ಬೆದೆಯೆಂದು ಮೂರು ವಾರ ಕಾದು ಸುಮ್ಮನಿರಬೇಡಿ. ಬೀದಿನಾಯಿಗಳಲ್ಲಿ ಕೂಡುವಿಕೆಯಿಂದ ಹರಡುವ ಒಂದು ಗೆಡ್ಡೆಯಿದೆ, ಅದರಿಂದಲೂ ಹೀಗೆಯೇ ರಕ್ತ ಬರುತ್ತದೆ, ಮತ್ತು ವಾರಕ್ಕೊಂದರಂತೆ ಕೊಡುವ ಚುಚ್ಚುಮದ್ದಿನಿಂದ ಅದು ಹೆಚ್ಚಾಗಿ ಪೂರ್ತಿ ಗುಣವಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಹತ್ತರಿಂದ ಹದಿನಾಲ್ಕು ದಿನ ಹೊಲಿಗೆ ಒಣಗಿರಬೇಕು. ಆಗಸ್ಟಿನ ಮಳೆಯಲ್ಲಿ ಸೌದೆ ಕೊಟ್ಟಿಗೆ ಇದಕ್ಕೆ ಸಾಲದು, ಮನೆಯೊಳಗಿನ ಒಂದು ಮೂಲೆ ಬೇಕಾಗುತ್ತದೆ. ಅತ್ತೆಯವರನ್ನು ಈಗಿನಿಂದಲೇ ಒಪ್ಪಿಸಿಟ್ಟುಕೊಳ್ಳಿ.

ಎರಡು ವಾರ ಕಳೆದು, ವೈದ್ಯರು ಸರಿ ಎಂದ ಮೇಲೆ ಎರಡು ನಾಯಿಗಳನ್ನು ಮುಖಾಮುಖಿ ಮಾಡಿಸಬಹುದು. ಮನೆಯಂಗಳದಲ್ಲಿ ಬೇಡ, ಅದು ಹಳೆಯ ನಾಯಿಯ ರಾಜ್ಯ. ತೋಟದ ರಸ್ತೆಯಲ್ಲಿ, ಇಬ್ಬರು ಒಂದೊಂದು ನಾಯಿಯನ್ನು ಹಿಡಿದು, ಹತ್ತಾರು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಯಿರಿ. ಅಂತರವನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತ ಬನ್ನಿ. ಊಟ ಯಾವಾಗಲೂ ಬೇರೆ ಬೇರೆ ಕಡೆ. ಒಂಬತ್ತು ವರ್ಷದ ಲ್ಯಾಬ್ರಡಾರ್‌ಗೆ ಕೀಲುನೋವು ಇರುವ ಸಾಧ್ಯತೆ ಹೆಚ್ಚು. ಅದು ಗುರುಗುಟ್ಟಿದರೆ ಗದರಿಸದೆ, ಎಳೆಯ ನಾಯಿಯನ್ನು ದೂರ ಕರೆದೊಯ್ಯಿರಿ.

ಈ ದಿನಗಳಲ್ಲಿ ಒಂದು ನೋಟ್‌ಬುಕ್ ಇಡಿ, ಬರೆಯುವ ಕೆಲಸವನ್ನು ಮಗಳಿಗೆ ಕೊಡಿ. ವಾರಕ್ಕೊಮ್ಮೆ ತೂಕ, ಏನು ತಿಂದಿತು, ಕೋಳಿ ಕಂಡರೆ ಏನು ಮಾಡುತ್ತದೆ, ಬೆಕ್ಕು ಕಂಡರೆ, ಸೈಕಲ್ ಕಂಡರೆ, ಛತ್ರಿ ಬಿಚ್ಚಿದರೆ ಹೆದರುತ್ತದೆಯೇ, ಒಬ್ಬಂಟಿಯಾಗಿ ಬಿಟ್ಟರೆ ಎಷ್ಟು ಹೊತ್ತು ಅಳುತ್ತದೆ, ಗಂಡಸರ ದನಿಗೆ ಬಾಲ ಒಳಗೆ ಮಾಡುತ್ತದೆಯೇ. ಆನೆ ಓಡಿಸಲು ಪಟಾಕಿ ಸಿಡಿಸಿದಾಗ ಅದು ಹೇಗಿತ್ತು ಎಂಬುದನ್ನು ತಪ್ಪದೆ ಬರೆಯಿಸಿ. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಲ್ಲಿ ಗುಂಡಿನ ಶಬ್ದ ಕೇಳುವ ನಾಡಿನಲ್ಲಿ, ಶಬ್ದಕ್ಕೆ ಹೆದರಿ ಕಿತ್ತುಕೊಂಡು ಓಡುವ ನಾಯಿಯನ್ನು ಎಲ್ಲಿ ಇಡಬೇಕೆಂಬುದು ದೊಡ್ಡ ಪ್ರಶ್ನೆ. ಕೋಳಿ ಹಿಡಿಯುತ್ತದೆ ಎಂಬುದನ್ನು ಮುಚ್ಚಿಟ್ಟು ಕೊಟ್ಟರೆ ಮೊದಲ ಕೋಳಿ ಸತ್ತ ದಿನ ನಾಯಿಗೆ ಏಟು ಬೀಳುತ್ತದೆ. ಮೊದಲೇ ಹೇಳಿದರೆ ಕೋಳಿಯಿಲ್ಲದ ಮನೆಯವರು ಅದನ್ನು ನಗುತ್ತಲೇ ಒಪ್ಪಿಕೊಳ್ಳುತ್ತಾರೆ.

ಇನ್ನು ನಿಮ್ಮ ಮೂವರು ಅಭ್ಯರ್ಥಿಗಳು. ಮೂವರಿಗೂ ಒಂದೇ ಪ್ರಶ್ನೆ ಕೇಳಿ: ನಿಮ್ಮ ಹಿಂದಿನ ನಾಯಿ ಏನಾಯಿತು? ಪ್ರೀತಿಯ ಬಗ್ಗೆ, ಸೌಕರ್ಯದ ಬಗ್ಗೆ ಕೇಳಿದರೆ ಎಲ್ಲರೂ ಚೆನ್ನಾಗಿಯೇ ಹೇಳುತ್ತಾರೆ. ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ನಿಜ ಹೊರಬೀಳುತ್ತದೆ. ಹದಿಮೂರು ವರ್ಷ ಬದುಕಿ ಸತ್ತಿತು ಎಂದರೆ ಮುಂದೆ ಮಾತಾಡಬಹುದು. ಚಿರತೆ ಒಯ್ಯಿತು, ಅದಕ್ಕೂ ಹಿಂದಿನದನ್ನೂ ಚಿರತೆಯೇ ಒಯ್ಯಿತು ಎಂದರೆ, ಅವರು ಕೇಳುತ್ತಿರುವುದು ಮೂರನೆಯದನ್ನು.

ಕಾವಲಿಗೆ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ, ನಾಯಿಗೂ ಕೆಲಸವಿದ್ದರೆ ಹಿತವೇ. ಆದರೆ ರಾತ್ರಿ ಅದು ಎಲ್ಲಿ ಮಲಗುತ್ತದೆ ಎಂದು ಕೇಳಿ. ಗೇಟಿನ ಬಳಿ ಸರಪಳಿಯಲ್ಲಿ ಎಂಬ ಉತ್ತರ ಬಂದರೆ ನಾನಾದರೆ ಕೊಡುವುದಿಲ್ಲ. ಕಟ್ಟಿಹಾಕಿದ ನಾಯಿಗೆ ಚಿರತೆಯಿಂದ ಓಡುವ ದಾರಿಯೂ ಇಲ್ಲ, ಕೂಗಿ ಎಬ್ಬಿಸುವಷ್ಟು ಸಮಯವೂ ಸಿಗುವುದಿಲ್ಲ. ರಾತ್ರಿ ತೋಟದಲ್ಲಿ ಬಿಟ್ಟುಬಿಡುತ್ತೇವೆ ಎಂಬುದೂ ಉತ್ತಮವಲ್ಲ. ನಾಗರಹೊಳೆ, ಬ್ರಹ್ಮಗಿರಿಯ ಅಂಚಿನ ತೋಟಗಳಲ್ಲಿ ಬಿಟ್ಟ ನಾಯಿ ಜಿಂಕೆ, ಮೊಲಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ, ಉರುಳಿಗೆ ಬೀಳುತ್ತದೆ, ಆನೆಗೆ ಬೊಗಳಿ ಅದು ತಿರುಗಿದಾಗ ನೇರವಾಗಿ ಯಜಮಾನನ ಕಾಲಿನ ಬಳಿಗೆ ಓಡಿಬರುತ್ತದೆ. ಲಸಿಕೆಯಿಲ್ಲದ ಊರನಾಯಿಗಳಿಂದ ಡಿಸ್ಟೆಂಪರ್ ಸೀಳುನಾಯಿಗಳಿಗೂ ದೊಡ್ಡ ಬೆಕ್ಕುಗಳಿಗೂ ದಾಟಬಲ್ಲದು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸತ್ತ ಸಿಂಹಗಳಲ್ಲಿ ಆ ವೈರಸ್ ಕಂಡುಬಂದದ್ದು ಎಲ್ಲರಿಗೂ ಎಚ್ಚರಿಕೆಯಾಗಬೇಕಿತ್ತು. ಹಗಲಿನಲ್ಲಿ ಕಣದ ಸುತ್ತ ಓಡಾಡಿಕೊಂಡು, ಸಂಜೆಯಾದ ಮೇಲೆ ವರಾಂಡದ ಒಳಗೋ ಗಟ್ಟಿಯಾದ ಗೂಡಿನಲ್ಲೋ ಇರುತ್ತದೆ ಎಂದರೆ ಪೊನ್ನಂಪೇಟೆಯವರೇ ಉತ್ತಮ ಮನೆಯಾಗಬಹುದು. ಕೊಯ್ಲಿನ ದಿನಗಳಲ್ಲಿ ಅದು ಕಣದ ಕಾಫಿ ಹಣ್ಣು ಅಗಿಯದಂತೆ ನೋಡಿಕೊಳ್ಳಲು ಹೇಳಿ, ಬೀಜದ ಕೆಫೀನ್ ನಾಯಿಯ ಹೃದಯಕ್ಕೆ ಒಳ್ಳೆಯದಲ್ಲ. ನಮ್ಮ ದೇವರಕಾಡುಗಳಲ್ಲಿ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುತ್ತೇವೆ. ಜೀವವಿರುವ ನಾಯಿಗೆ ರಾತ್ರಿ ಒಂದು ಬಾಗಿಲು ಕೇಳುವುದು ಹೆಚ್ಚಿನ ಬೇಡಿಕೆಯೇನೂ ಅಲ್ಲ.

ಹೋಂಸ್ಟೇಯವರ ವಿಷಯದಲ್ಲಿ ನನ್ನ ಆತಂಕ ಬೇರೆ. ಅಲ್ಲಿ ನಾಯಿಯನ್ನು ಎಲ್ಲರೂ ಮುದ್ದಿಸುತ್ತಾರೆ, ಎಲ್ಲರೂ ಏನಾದರೂ ತಿನ್ನಿಸುತ್ತಾರೆ, ಜವಾಬ್ದಾರಿ ಯಾರದ್ದೂ ಅಲ್ಲ. ವಾರಾಂತ್ಯಕ್ಕೆ ಬರುವ ಅಪರಿಚಿತ ಮಕ್ಕಳಲ್ಲಿ ಒಬ್ಬರು ಬಾಲ ಎಳೆದು ಒಮ್ಮೆ ಕಡಿತವಾದರೆ ನಾಯಿ ಅಂದೇ ಹೊರಗೆ. ಕೆಲಸದವರು ಬದಲಾಗುತ್ತಾರೆ, ಮಳೆಗಾಲದಲ್ಲಿ ಮುಚ್ಚಿರುತ್ತದೆ. ಮಾಲೀಕರೇ ಅಲ್ಲಿ ವರ್ಷವಿಡೀ ವಾಸವಾಗಿದ್ದು, ಅತಿಥಿಗಳಿಂದ ದೂರ ಇರುವ ಒಂದು ಜಾಗ ನಾಯಿಗಿದ್ದರೆ ಮಾತ್ರ ಯೋಚಿಸಿ.

ಬೆಂಗಳೂರಿನ ಫ್ಲಾಟೆಂದರೆ ನಮ್ಮವರು ಜೈಲೆಂದೇ ತಿಳಿಯುತ್ತಾರೆ. ನಾನು ಹಾಗೆ ತಿಳಿಯುವುದಿಲ್ಲ. ದಿನಕ್ಕೆ ಎರಡು ಸಲ ನಡೆಸಿ, ಉಳಿದ ಹೊತ್ತು ಮನುಷ್ಯರ ಜೊತೆಗಿರುವ ನಾಯಿ, ಎಕರೆಗಟ್ಟಲೆ ತೋಟದಲ್ಲಿ ಒಂಟಿಯಾಗಿ ಕಟ್ಟಿಹಾಕಿದ ನಾಯಿಗಿಂತ ಎಷ್ಟೋ ಸುಖವಾಗಿರುತ್ತದೆ. ಆದರೆ ನಿಮ್ಮ ನಾದಿನಿ ದಿನಕ್ಕೆ ಎಷ್ಟು ಗಂಟೆ ಮನೆಯಲ್ಲಿರುತ್ತಾರೆ, ಮನೆಯ ಉಳಿದವರೆಲ್ಲ ಒಪ್ಪಿದ್ದಾರೆಯೇ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯೇ, ಇವನ್ನು ಸಂಬಂಧದ ದಾಕ್ಷಿಣ್ಯವಿಲ್ಲದೆ ಕೇಳಬೇಕು. ಲಿಫ್ಟು, ಮೆಟ್ಟಿಲು, ವಾಹನಗಳ ಸದ್ದು ಕಾಣದ ನಾಯಿ; ನೋಟ್‌ಬುಕ್ಕಿನಲ್ಲಿ ಶಬ್ದದ ಭಯ ದೊಡ್ಡದಾಗಿ ಕಂಡರೆ ನಗರ ಬೇಡ. ಧೈರ್ಯವಾಗಿದ್ದು, ಮನುಷ್ಯರನ್ನು ಬಿಟ್ಟಿರಲಾರದ ನಾಯಿಯೆಂದು ತಿಳಿದುಬಂದರೆ ಮೂರರಲ್ಲಿ ನನ್ನ ಒಲವು ಆ ಕಡೆಗೇ.

ಯಾರಿಗೆ ಕೊಟ್ಟರೂ ಒಂದು ಹಾಳೆಯ ಒಪ್ಪಂದ ಬರೆದುಕೊಳ್ಳಿ. ನಾಯಿಯ ಲಸಿಕೆ ಪುಸ್ತಕ, ಶಸ್ತ್ರಚಿಕಿತ್ಸೆಯ ಚೀಟಿ ಜೊತೆಗಿರಲಿ. ಸಾಕಲಾಗದಿದ್ದರೆ ಬೇರೆಯವರಿಗೆ ದಾಟಿಸದೆ ನಿಮಗೇ ಮರಳಿಸಬೇಕೆಂಬ ಮಾತು ಅದರಲ್ಲಿ ಕಡ್ಡಾಯ. ಮರಳಿ ಬಂದರೆ ಮೈಸೂರಿನಿಂದ ನೀವೇ ಹೊಣೆ ಹೊರಬೇಕಾಗುತ್ತದೆ, ಅದಕ್ಕೆ ಸಿದ್ಧರಿರಿ. ಖರ್ಚಿನಲ್ಲಿ ಒಂದು ಭಾಗವನ್ನು ಅವರಿಂದ ಕೇಳಲು ಸಂಕೋಚಪಡಬೇಡಿ. ಹೊರಡುವ ದಿನದವರೆಗೂ ಮನೆ ಸಿಗದಿದ್ದರೆ ಎಲ್ಲೋ ರಸ್ತೆಯಲ್ಲಿ, ಕಾಡಂಚಿನಲ್ಲಿ ಬಿಟ್ಟುಹೋಗುವ ಯೋಚನೆ ಮಾತ್ರ ಬೇಡ. ಹಸಿವು ನೀರಡಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ, ದಂಡದ ಮೊತ್ತ ನಗೆ ಬರುವಷ್ಟು ಸಣ್ಣದಾಗಿಯೇ ಉಳಿದಿದ್ದರೂ. ಆದ್ದರಿಂದ ಹುಡುಕಾಟವನ್ನು ಫೆಬ್ರವರಿಗೆ ಬಿಡದೆ ಅಕ್ಟೋಬರಿನೊಳಗೆ ಮುಗಿಸುವ ಲೆಕ್ಕದಲ್ಲಿರಿ. ಕೈಲ್‌ಪೊಳ್ದ್ ಆಸುಪಾಸಿನ ದಿನಗಳಲ್ಲಿ ಕೊಡಬೇಡಿ.

ಒಯ್ಯುವ ದಿನ ಬೆಳಿಗ್ಗೆ ಹೊಟ್ಟೆ ಖಾಲಿಯಿರಲಿ, ಘಟ್ಟದ ತಿರುವುಗಳಲ್ಲಿ ವಾಂತಿಯಾಗುತ್ತದೆ. ಕುತ್ತಿಗೆ ಬೆಲ್ಟಿನ ಜೊತೆಗೆ ಎದೆಪಟ್ಟಿಯೂ ಇರಲಿ, ಎರಡಕ್ಕೂ ಹಗ್ಗ ಹಾಕಿ, ಕಾರಿನ ಬಾಗಿಲು ತೆರೆಯುವ ಮೊದಲು ಹಗ್ಗ ಯಾರದ್ದಾದರೂ ಕೈಯಲ್ಲಿರಲಿ. ಹೊಸ ಮನೆಗೆ ಹೋದ ನಾಯಿಗಳು ತಪ್ಪಿಸಿಕೊಳ್ಳುವುದು ಬಹಳ ಸಲ ಆ ಮೊದಲ ಕೆಲವು ದಿನಗಳಲ್ಲಿಯೇ. ಅದು ಮಲಗುತ್ತಿದ್ದ ಗೋಣಿಚೀಲವನ್ನು ಒಗೆಯದೆ ಜೊತೆಗೆ ಕಳುಹಿಸಿ. ಮಗಳು ತನ್ನ ನೋಟ್‌ಬುಕ್ಕನ್ನು ತಾನೇ ಹೊಸ ಮನೆಯವರ ಕೈಗೆ ಕೊಡಲಿ, ಮತ್ತು ಮೊದಲ ಒಂದು ತಿಂಗಳು ನೋಡಲು ಹೋಗುವುದಿಲ್ಲ, ವಾರಕ್ಕೊಂದು ಫೋಟೋ ಬರುತ್ತದೆ ಎಂಬುದನ್ನು ಅವಳಿಗೆ ಮೊದಲೇ ಹೇಳಿರಿ; ನಿಮ್ಮನ್ನು ಕಂಡರೆ ನಾಯಿ ಹೊಸ ಮನೆಗೆ ಒಗ್ಗಿಕೊಳ್ಳುವುದು ತಡವಾಗುತ್ತದೆ. ಮೊದಲ ದಿನ ಅದು ಊಟ ಮುಟ್ಟದಿದ್ದರೆ ಬಲವಂತ ಮಾಡಬೇಡಿರೆಂದು ಅವರಿಗೆ ತಿಳಿಸಿ. ನೀರನ್ನೂ ಕುಡಿಯದಿದ್ದರೆ, ಅಥವಾ ಎರಡು ದಿನ ಕಳೆದರೂ ಉಣ್ಣದಿದ್ದರೆ, ಉಣ್ಣಿ ಜ್ವರ ಮರುಕಳಿಸಿದೆಯೇ ಎಂದು ಅಲ್ಲಿಯ ಪಶುವೈದ್ಯರಲ್ಲಿ ರಕ್ತ ಪರೀಕ್ಷೆ ಮಾಡಿಸಲಿ.